ಪಟ್ಟಿಯಲ್ಲಿಲ್ಲದ ಸಹಪಾಠಿಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಹಳೆಯ ವಿದ್ಯಾರ್ಥಿಗಳ ಸ್ನೇಹಮಿಲನ, ಗುರುವಂದನೆಗಳ ಸುದ್ದಿ ಆಗಾಗ ಬರುತ್ತಿರುತ್ತದೆ. ನಮ್ಮ ಪ್ರೌಢಶಾಲಾ ತರಗತಿಯೂ ಅದೇ ಸಿದ್ಧತೆಯಲ್ಲಿದೆ. ಸಭಾಂಗಣ, ಊಟ, ಶಾಲು ಹಾರಗಳ ಚರ್ಚೆ ಬೇಗ ಮುಗಿಯಿತು. ತೊಡಕಾದದ್ದು ಆಹ್ವಾನಿತರ ಪಟ್ಟಿ. ಮೊದಲ ಕರಡಿನಲ್ಲಿದ್ದವರು ಬಹುಪಾಲು ಎಸ್ಸೆಸ್ಸೆಲ್ಸಿ ತೇರ್ಗಡೆಯಾಗಿ ಬೆಂಗಳೂರು ಸೇರಿದವರು. ಅನುತ್ತೀರ್ಣರಾಗಿ ಊರಿನಲ್ಲೇ ಉಳಿದವರು, ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಣಿಕೆಗೆ ಹೋದವರು, ಓದು ಮುಗಿಯುವ ಮುನ್ನವೇ ಮದುವೆಯಾದ ಹುಡುಗಿಯರು ಅದರಲ್ಲಿರಲಿಲ್ಲ.

ಈ ಸೀಮೆಯಲ್ಲಿ ಪ್ರೌಢಶಾಲೆಯ ಮೆಟ್ಟಿಲೇರುವುದೇ ಸಾಧನೆಯಾಗಿದ್ದ ಕಾಲವಿತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಎಚ್. ನರಸಿಂಹಯ್ಯನವರು 1935ರಲ್ಲಿ ಪ್ರೌಢಶಾಲೆ ಸೇರಲು ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಎಲ್ಲರಿಗೂ ಅಂಥ ದಾರಿ ತೆರೆಯಲಿಲ್ಲ. ಅದಕ್ಕೆ ಅನೇಕ ವೇಳೆ ಬಡತನ ಕಾರಣವೇ ಹೊರತು ಬುದ್ಧಿಯ ಕೊರತೆಯಲ್ಲ.

ಆದ್ದರಿಂದ ನನ್ನದು ಎರಡು ಸಲಹೆ. ಆಹ್ವಾನಕ್ಕೆ ನಮ್ಮ ಮೊಬೈಲಿನಲ್ಲಿರುವ ಸಂಖ್ಯೆಗಳ ಬದಲು ಶಾಲೆಯ ದಾಖಲಾತಿ ವಹಿಯೇ ಆಧಾರವಾಗಲಿ. ವಂತಿಗೆ ಅವರವರ ಇಚ್ಛೆಗೆ ಬಿಟ್ಟದ್ದಾಗಿರಲಿ. ಕೊಟ್ಟವರ ಹೆಸರನ್ನು ವೇದಿಕೆಯಲ್ಲಿ ಓದುವುದು ಬೇಡ. ಪಿಂಚಣಿದಾರನು ಲೆಕ್ಕಕ್ಕಿಡದ ಸಾವಿರ ರೂಪಾಯಿ ಕೂಲಿಕಾರನಿಗೆ ದಿನಗಳ ದುಡಿಮೆ. ಮೇಷ್ಟ್ರು ಹಾಜರಿ ಕೂಗುವಾಗ ಯಾರ ಅಂಕವನ್ನೂ ನೋಡುತ್ತಿರಲಿಲ್ಲ.