ತಾರೆ ಮಾಸಿದಾಗ ಸಿಕ್ಕಿದ ಉಂಗುರಗಳು

ಚಂದ್ರನು ತನ್ನ ದಾರಿಯಲ್ಲಿ ಸಿಕ್ಕಿದ ನಕ್ಷತ್ರಗಳನ್ನು ಮರೆಮಾಡುತ್ತ ಸಾಗುವುದನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಇದಕ್ಕೆ ಆಚ್ಛಾದನೆಯೆಂದು ಹೆಸರು. ಗ್ರಹಗಳೂ ನಕ್ಷತ್ರಗಳನ್ನು ಹೀಗೆ ಮರೆಮಾಡುವುದುಂಟು. ಆದರೆ ದೂರದ ಗ್ರಹಗಳ ಬಿಂಬವು ಬಹು ಕಿರಿದಾದುದರಿಂದ ಅಂಥ ಪ್ರಸಂಗಗಳು ಅಪರೂಪ. 1977ನೆಯ ಇಸವಿ ಮಾರ್ಚ್ 10ರಂದು ಯುರೇನಸ್ ಗ್ರಹವು ತುಲಾ ರಾಶಿಯ ಒಂದು ಮಂದ ತಾರೆಯ ಮುಂದೆ ಹಾಯುವುದೆಂದು ಇಂಗ್ಲೆಂಡಿನ ಗಾರ್ಡನ್ ಟೇಲರ್ ಎಂಬ ವಿಜ್ಞಾನಿ 1973ರಲ್ಲಿಯೇ ಗಣಿಸಿ ತಿಳಿಸಿದ್ದರು.

ತಾರೆಯು ಅತಿದೂರದಲ್ಲಿರುವುದರಿಂದ ಅದರ ಕಿರಣಗಳು ಸಮಾನಾಂತರವಾಗಿ ಬರುತ್ತವೆ. ಆದಕಾರಣ ಆ ಬೆಳಕಿನಲ್ಲಿ ಬೀಳುವ ಗ್ರಹದ ನೆರಳು ಗ್ರಹದಷ್ಟೇ ಅಗಲವಾಗಿರುತ್ತದೆ. ಯುರೇನಸ್ಸಿನ ವ್ಯಾಸ ಸುಮಾರು 51,000 ಕಿ.ಮೀ.; ಅಂದು ಅದರ ನೆರಳು ಸೆಕೆಂಡಿಗೆ ಸುಮಾರು 12 ಕಿ.ಮೀ. ವೇಗದಿಂದ ಸಾಗುತ್ತಿದ್ದಿತು. ತಾರೆ ಮರೆಯಾಗಿದ್ದ ಕಾಲವನ್ನು ಈ ವೇಗದಿಂದ ಗುಣಿಸಿದರೆ, ಮರೆಮಾಡಿದ ವಸ್ತುವನ್ನು ತಾರೆಯು ದಾಟಿದ ಗೆರೆಯ ಉದ್ದ ದೊರೆಯುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕವಿದು! ತೊಡಕು ಇರುವುದು ಬೆಳಕನ್ನು ಅಳೆಯುವುದರಲ್ಲಿ. ಗ್ರಹದ ಬೆಳಕು ತಾರೆಯದಕ್ಕಿಂತ ಹೆಚ್ಚು. ಅದರ ಪ್ರಭೆಯಲ್ಲಿ ತಾರೆಯ ಏರಿಳಿತ ಮುಳುಗಿಹೋಗುತ್ತದೆ. ಆದರೆ ಯುರೇನಸ್ಸಿನ ವಾಯುಮಂಡಲದ ಮೀಥೇನ್ ಅನಿಲವು ಕೆಂಪು ಮತ್ತು ಅದರಾಚೆಯ ಕೆಲವು ಅಲೆಯುದ್ದಗಳ ಬೆಳಕನ್ನು ಹೀರಿಕೊಳ್ಳುತ್ತದೆ. ಆ ಅಲೆಯುದ್ದಗಳಲ್ಲಿ ನೋಡಿದರೆ ಗ್ರಹವು ಮಂಕಾಗಿ, ತಾರೆಯು ಎದ್ದುಕಾಣುತ್ತದೆ.

ಅಮೆರಿಕದ ಜೇಮ್ಸ್ ಎಲಿಯಟ್ ಮತ್ತು ಸಂಗಡಿಗರು ಕೈಪರ್ ವಿಮಾನ ವೇಧಶಾಲೆಯಲ್ಲಿ 91 ಸೆಂಟಿಮೀಟರಿನ ದೂರದರ್ಶಕವನ್ನಿರಿಸಿಕೊಂಡು ದಕ್ಷಿಣ ಹಿಂದೂ ಮಹಾಸಾಗರದ ಮೇಲೆ ಹಾರಿದರು. ಗ್ರಹದ ವ್ಯಾಸವನ್ನೂ ವಾಯುಮಂಡಲವನ್ನೂ ಅಳೆಯುವುದು ಅವರ ಉದ್ದೇಶ. ಉಂಗುರದ ಯೋಚನೆಯೇ ಇರಲಿಲ್ಲ. ಗಣಿಸಿದ ಕಾಲ ಕರಾರುವಾಕ್ಕಲ್ಲವೆಂದು ಅರ್ಧ ಗಂಟೆಗಿಂತಲೂ ಮೊದಲೇ ಯಂತ್ರವನ್ನು ಚಾಲೂ ಮಾಡಿದ್ದು ಒಳಿತಾಯಿತು. ಗ್ರಹವು ಇನ್ನೂ ದೂರವಿರುವಾಗಲೇ ತಾರೆಯು ಕೆಲವು ಸೆಕೆಂಡು ಮಾಸಿ ಮತ್ತೆ ಬೆಳಗಿತು. ಹೀಗೆ ಐದು ಬಾರಿ. ಚಿಕ್ಕ ಉಪಗ್ರಹಗಳ ಹಿಂಡೇನಾದರೂ ಅಡ್ಡಬಂದಿತೇ? ಗ್ರಹವು ಸರಿದು ತಾರೆ ಹೊರಬಂದ ಮೇಲೆ ಅದೇ ಐದು ಮಾಸುವಿಕೆಗಳು ಹಿಂದುಮುಂದಾದ ಕ್ರಮದಲ್ಲಿ ಮರಳಿ ತೋರಿದವು. ಉಪಗ್ರಹಗಳು ಗ್ರಹದ ಎರಡು ಪಕ್ಕಗಳಲ್ಲಿಯೂ ಹೀಗೆ ಜೊತೆಜೊತೆಯಾಗಿ ನಿಂತಿರುವುದು ನಂಬತಕ್ಕ ಮಾತಲ್ಲ. ಗ್ರಹವನ್ನು ಸುತ್ತುವರಿದ ಉಂಗುರಗಳಾದರೆ ಹಾಗಾಗಲೇಬೇಕು.

ಅದೇ ರಾತ್ರಿ ತಮಿಳುನಾಡಿನ ಕಾವಲೂರಿನಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ವೇಧಶಾಲೆಯಲ್ಲಿ, ಜೆ. ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿಯವರು ಒಂದು ಮೀಟರಿನ ದೂರದರ್ಶಕದಿಂದ ಇದೇ ತಾರೆಯನ್ನು ನೋಡುತ್ತಿದ್ದರು. ಗ್ರಹದ ನೆರಳು ದಕ್ಷಿಣಕ್ಕೆ ಸರಿದುಹೋಗಿ ಅವರಿಗೆ ದಕ್ಕಲಿಲ್ಲ. ಹೊರಗಿನ ಉಂಗುರದ ವ್ಯಾಸವು ಗ್ರಹದ ವ್ಯಾಸಕ್ಕೆ ಇಮ್ಮಡಿಯಾದುದರಿಂದ ಅದರ ನೆರಳು ಮಾತ್ರ ಕಾವಲೂರನ್ನು ಮುಟ್ಟಿತು. ತಾರೆ ಕೆಲವು ಸೆಕೆಂಡು ಮಾಸಿದುದನ್ನು ಕಂಡು ಅವರು ಅದನ್ನು ಹೊಸ ಉಪಗ್ರಹವೆಂದು ಭಾವಿಸಿ ಪ್ರಕಟಿಸಿದರು. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲವೆಂದು ನಮ್ಮ ಎಣಿಕೆ: ಒಂದೇ ಸಲದ ಮಾಸುವಿಕೆಯಿಂದ ಚೆಂಡಾವುದು, ಬಳೆಯಾವುದು ಎಂದು ತಿಳಿಯುವ ಉಪಾಯವಿಲ್ಲ. ಸಾವಿರಾರು ಕಿಲೋಮೀಟರು ಅಂತರದ ದಾಖಲೆಗಳನ್ನು ಒಟ್ಟಿಗೆ ಹೊಂದಿಸಿದಾಗ ಕಾವಲೂರಿನ ಮಾಸುವಿಕೆಯೂ ಉಂಗುರದ್ದೇ ಎಂದು ತಿಳಿದುಬಂದಿತು.

ಈ ಹೊರ ಉಂಗುರದ ಅಗಲ ಒಂದೆಡೆ ಸುಮಾರು 20 ಕಿ.ಮೀ., ಇನ್ನೊಂದೆಡೆ 96. ಭೂಮಿಯಿಂದ ಅದನ್ನು ಬಿಡಿಸಿ ನೋಡುವುದು, ಎರಡು ಮಿಲಿಮೀಟರಿನ ಸಾಸಿವೆಕಾಳನ್ನು 50 ಕಿ.ಮೀ. ದೂರದಿಂದ ನೋಡಿದಂತೆ. ದಾಖಲೆಗಳನ್ನು ಮತ್ತೆ ಪರಿಶೀಲಿಸಿದ ಮೇಲೆ ಉಂಗುರಗಳು ಒಂಬತ್ತಾದವು. 1986ರಲ್ಲಿ ವಾಯೇಜರ್ 2 ನೌಕೆಯೂ ಅನಂತರ ಹಬಲ್ ದೂರದರ್ಶಕವೂ ಎರಡೆರಡನ್ನು ಸೇರಿಸಿ ಹದಿಮೂರಾದವು.

ಶನಿ ಮತ್ತು ಯುರೇನಸ್‌ಗಳ ನಡುವೆ ಸುತ್ತುವ, ಸುಮಾರು 250 ಕಿ.ಮೀ. ವ್ಯಾಸದ ಚಾರಿಕ್ಲೋ ಎಂಬ ಕಿರುಗ್ರಹವು 2013ರಲ್ಲಿ ಒಂದು ತಾರೆಯನ್ನು ಮರೆಮಾಡಿತು. ದಕ್ಷಿಣ ಅಮೆರಿಕದ ಹಲವು ದೂರದರ್ಶಕಗಳು ಅದನ್ನು ಗಮನಿಸಿದವು. ಮುಖ್ಯ ಮರೆಗೆ ಮೊದಲು ಎರಡು ಬಾರಿ, ಅನಂತರವೂ ಎರಡು ಬಾರಿ, ತಾರೆಯು ಕ್ಷಣಕಾಲ ಮಾಸಿತು.