ಎರಡು ಜಿ.ಪಿ.ಎಸ್. ಯಂತ್ರಗಳಿಗೆ ಒಂದೇ ಆಂಟೆನಾ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆ ತೋಟಗಳು ಹೆಚ್ಚಾಗಿ ಗುಡ್ಡಗಳ ನಡುವಿನ ಕಣಿವೆಗಳಲ್ಲಿವೆ. ತೋಟದ ಒಂದು ಮಗ್ಗುಲಿಗೆ ಸೊಪ್ಪಿನ ಬೆಟ್ಟ, ಇನ್ನೊಂದು ಮಗ್ಗುಲಿಗೆ ಗದ್ದೆ ಅಥವಾ ಹಳ್ಳ, ಅದರಾಚೆ ಕಾಡು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದ ಎದ್ದು ಬಂದ ಅನೇಕ ಕುಟುಂಬಗಳ ಜಮೀನುಗಳಂತೂ ಅರಣ್ಯದ ಅಂಚಿನಲ್ಲಿಯೇ ಇವೆ. ಇಂತಹ ಕಡೆಗಳಲ್ಲಿ ಬಾಂದು ಕಲ್ಲನ್ನು ಗುರುತಿಸಲು ಈಗ ಸರಪಳಿಯ ಜೊತೆಗೆ ಜಿ.ಪಿ.ಎಸ್. ಯಂತ್ರವೂ ಬಂದಿದೆ. ಆದರೆ ಒಂದೇ ಕಲ್ಲಿನ ಮೇಲೆ ಇಟ್ಟ ಎರಡು ಯಂತ್ರಗಳು ಎರಡು ಬಗೆಯ ಅಂಕಿಗಳನ್ನು ತೋರಿಸುವುದುಂಟು. ಯಾವುದನ್ನು ನಂಬಬೇಕು?

ವ್ಯತ್ಯಾಸದ ಬೆಲೆ

ಒಂದು ಎಕರೆಯ ಚೌಕಾಕಾರದ ತೋಟದ ಒಂದು ಬದಿ ಸುಮಾರು 63.6 ಮೀಟರ್ ಇರುತ್ತದೆ. ಈ ಒಂದು ಬದಿಯ ಗಡಿ 3 ಮೀಟರ್ ಸರಿದರೆ ಸುಮಾರು 190 ಚದರ ಮೀಟರ್, ಅಂದರೆ ಹೆಚ್ಚು ಕಡಿಮೆ 2 ಗುಂಟೆ ಜಾಗ ಆಚೀಚೆಯಾಗುತ್ತದೆ. 9 ಅಡಿಗೊಂದರಂತೆ ಗಿಡ ನೆಟ್ಟ ತೋಟದಲ್ಲಿ ಇದು ಸುಮಾರು 25 ಅಡಿಕೆ ಮರಗಳ ಜಾಗ. ಕೈಯಲ್ಲಿ ಹಿಡಿಯುವ ಸಾಧಾರಣ ಜಿ.ಪಿ.ಎಸ್. ಯಂತ್ರ ಬಯಲಿನಲ್ಲಿಯೂ 3ರಿಂದ 5 ಮೀಟರ್ ತಪ್ಪುವುದು ಸಹಜ. ಆದ್ದರಿಂದ ವ್ಯತ್ಯಾಸ ಬಂದಾಗ ಅದು ಎಲ್ಲಿಂದ ಬಂತೆಂದು ತಿಳಿಯುವುದು ಮುಖ್ಯ.

ವ್ಯತ್ಯಾಸಕ್ಕೆ ಕಾರಣಗಳು

ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ನೆಲ ಮುಟ್ಟುವ ಸಂಕೇತದ ಶಕ್ತಿ ಒಂದು ವಾಟಿನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಮಾತ್ರ. ನೆನೆದ ಎಲೆ, ಮರದ ಕಾಂಡ, ಗುಡ್ಡದ ಮರೆ ಇವು ಈ ಸಂಕೇತವನ್ನು ಇನ್ನಷ್ಟು ಕುಗ್ಗಿಸುತ್ತವೆ ಅಥವಾ ಅಡ್ಡದಾರಿಯಲ್ಲಿ ತಿರುಗಿಸಿ ಕಳುಹಿಸುತ್ತವೆ. ಹೀಗೆ ತಪ್ಪು ಮೂರು ಕಡೆಗಳಿಂದ ಬರಬಹುದು: ಯಂತ್ರ, ಆಂಟೆನಾ ಮತ್ತು ಜಾಗ.

ಎರಡು ತಕ್ಕಡಿಗಳಲ್ಲಿ ಯಾವುದು ಸರಿಯಿಲ್ಲವೆಂದು ನೋಡಲು ಒಂದೇ ಚೀಲವನ್ನು ಎರಡರಲ್ಲಿಯೂ ತೂಗಬೇಕು. ಬೇರೆ ಬೇರೆ ಚೀಲ ಇಟ್ಟರೆ ಏನೂ ತಿಳಿಯುವುದಿಲ್ಲ. ಜಿ.ಪಿ.ಎಸ್.ಗೂ ಇದೇ ನಿಯಮ. ಹೊರಗಿನ ಒಂದೇ ಆಂಟೆನಾದಿಂದ ಎರಡು ಯಂತ್ರಗಳಿಗೂ ಸಂಕೇತ ಕೊಟ್ಟರೆ ಆಂಟೆನಾ ಮತ್ತು ಜಾಗದ ತಪ್ಪು ಎರಡಕ್ಕೂ ಸಮನಾಗುತ್ತದೆ. ಉಳಿದ ವ್ಯತ್ಯಾಸ ಯಂತ್ರದ್ದು ಅಥವಾ ಅದರ ಹೊಂದಾಣಿಕೆಯದು. ಅಳತೆಗಾರರು ಇದನ್ನು ಶೂನ್ಯ ಅಂತರದ ಪರೀಕ್ಷೆ ಎನ್ನುತ್ತಾರೆ. ಇಲ್ಲಿ ಯಂತ್ರಗಳು ಎಲ್ಲಿಯೇ ಇರಲಿ, ಎರಡೂ ತೋರಿಸುವುದು ಆಂಟೆನಾ ಇರುವ ಸ್ಥಳವನ್ನೇ ಎಂಬುದನ್ನು ಮರೆಯಬಾರದು.

ಜೋಡಿಸುವ ವಿಧಾನ

ಕೇಬಲನ್ನು ಕತ್ತರಿಸಿ ತಂತಿಗೆ ತಂತಿ ಹೆಣೆಯುವುದಾಗಲಿ, ಬರೀ ‘ಟಿ’ ಆಕಾರದ ಜೋಡಣೆ ಹಾಕುವುದಾಗಲಿ ಕೂಡದು. ಹಾಗೆ ಮಾಡಿದರೆ ಸಂಕೇತ ಹಿಂದಕ್ಕೆ ಪುಟಿದು ನಷ್ಟವಾಗುತ್ತದೆ. ಅಲ್ಲದೆ ಆಂಟೆನಾದೊಳಗಿನ ವರ್ಧಕಕ್ಕೆ ಬೇಕಾದ 3ರಿಂದ 5 ವೋಲ್ಟ್ ವಿದ್ಯುತ್ತು ಅದೇ ಕೇಬಲಿನಲ್ಲಿ ಯಂತ್ರದಿಂದ ಮೇಲಕ್ಕೆ ಹೋಗುತ್ತದೆ. ಎರಡು ಯಂತ್ರಗಳ ವಿದ್ಯುತ್ತು ಒಂದಕ್ಕೊಂದು ಎದುರಾದರೆ ಯಂತ್ರ ಕೆಡಬಹುದು.

ಇದಕ್ಕಾಗಿ ಜಿ.ಪಿ.ಎಸ್. ಸ್ಪ್ಲಿಟರ್ ಎಂಬ ಸಾಧನ ದೊರೆಯುತ್ತದೆ. ಅದರ ಒಂದು ಬಾಯಿ ವಿದ್ಯುತ್ತನ್ನು ಬಿಡುತ್ತದೆ, ಇನ್ನೊಂದು ಬಾಯಿ ತಡೆಯುತ್ತದೆ. ವಿದ್ಯುತ್ತು ಕೊಡುವ ಯಂತ್ರವನ್ನು ಆರಿಸಿದರೆ ಎರಡನೆಯದಕ್ಕೂ ಸಂಕೇತ ನಿಲ್ಲುತ್ತದೆ. ಕೆಲವು ಯಂತ್ರಗಳು ವಿದ್ಯುತ್ತು ಹರಿಯದಿದ್ದರೆ ಆಂಟೆನಾ ಇಲ್ಲವೆಂದು ತೋರಿಸುತ್ತವೆ. ಅಂತಹವಕ್ಕೆ ತಡೆದ ಬಾಯಿಯಲ್ಲಿ ರೆಸಿಸ್ಟರ್ ಅಳವಡಿಸಿದ ಸ್ಪ್ಲಿಟರನ್ನು ಕೇಳಿ ಪಡೆಯಬೇಕು.

ಹಂಚಿದಾಗ ಪ್ರತಿ ಯಂತ್ರಕ್ಕೆ ಅರ್ಧಕ್ಕಿಂತ ತುಸು ಕಡಿಮೆ ಶಕ್ತಿ ಸಿಗುತ್ತದೆ. ಆಂಟೆನಾದ ವರ್ಧಕ ಸಂಕೇತವನ್ನು ಮೊದಲೇ ನೂರಾರು ಪಟ್ಟು ಹಿಗ್ಗಿಸಿರುವುದರಿಂದ ಇದರಿಂದ ಬಾಧಕವಿಲ್ಲ. ವರ್ಧಕವಿಲ್ಲದ ಆಂಟೆನಾವನ್ನು ಮಾತ್ರ ಹೀಗೆ ಹಂಚಬಾರದು. ಟಿ.ವಿ. ಕೇಬಲಿನ ಸ್ಪ್ಲಿಟರ್ ಇದಕ್ಕೆ ಒಗ್ಗುವುದಿಲ್ಲ. ಅದು 75 ಓಮ್‌ನದು, ಜಿ.ಪಿ.ಎಸ್.ಗೆ ಬೇಕಾದುದು 50 ಓಮ್. ಮೇಲಾಗಿ ಅನೇಕ ಟಿ.ವಿ. ಸ್ಪ್ಲಿಟರ್‌ಗಳು ಸುಮಾರು 1000 ಮೆಗಾಹರ್ಟ್ಸ್‌ವರೆಗೆ ಮಾತ್ರ ಕೆಲಸ ಮಾಡುತ್ತವೆ. ಜಿ.ಪಿ.ಎಸ್. ಸಂಕೇತ ಇರುವುದು 1575.42 ಮೆಗಾಹರ್ಟ್ಸ್‌ನಲ್ಲಿ.

3 ಮಿಲಿಮೀಟರಿಗಿಂತ ತೆಳುವಾದ ಕೇಬಲಿನಲ್ಲಿ ಸುಮಾರು 3 ಮೀಟರಿಗೇ ಅರ್ಧ ಶಕ್ತಿ ಕಳೆದುಹೋಗುತ್ತದೆ. ಉದ್ದ ಬೇಕಾದಲ್ಲಿ ದಪ್ಪ ಕೇಬಲನ್ನೇ ಉಪಯೋಗಿಸಬೇಕು. ಆಗುಂಬೆ ಸೀಮೆಯಂತಹ ಮಳೆ ಬೀಳುವಲ್ಲಿ ಜೋಡಣೆಗಳೊಳಗೆ ನೀರು ಹೋಗದಂತೆ ಪಟ್ಟಿ ಸುತ್ತುವುದು ಅವಶ್ಯ.

ಪರೀಕ್ಷೆಯ ಮೂರು ಹಂತಗಳು

1. ಆಕಾಶ ಚೆನ್ನಾಗಿ ಕಾಣುವ ಅಂಗಳ ಅಥವಾ ಬೇಣದಲ್ಲಿ ಆಂಟೆನಾ ನಿಲ್ಲಿಸಿ, ಎರಡು ಯಂತ್ರಗಳಿಗೂ ಹಂಚಿ, ಒಂದೇ ವೇಳೆಯ 15 ನಿಮಿಷಗಳ ಅಂಕಿಗಳನ್ನು ಬರೆದುಕೊಳ್ಳಬೇಕು. ತಿದ್ದುಪಡಿ ಸಂಕೇತ ಪಡೆಯುವ ಸರ್ವೆ ಯಂತ್ರಗಳಲ್ಲಿ ವ್ಯತ್ಯಾಸ ಅತ್ಯಲ್ಪವಿರಬೇಕು. ಸಾಧಾರಣ ಯಂತ್ರಗಳಲ್ಲಿ ಸ್ವಲ್ಪ ಹೆಚ್ಚು ಇರಬಹುದು. ತೀರಾ ದೊಡ್ಡ ವ್ಯತ್ಯಾಸ ಬಂದರೆ ಒಂದು ಯಂತ್ರದಲ್ಲಿ ಡಬ್ಲ್ಯು.ಜಿ.ಎಸ್. 84, ಇನ್ನೊಂದರಲ್ಲಿ ಹಳೆಯ ಎವರೆಸ್ಟ್ ಆಧಾರ ಪದ್ಧತಿ ಇದೆಯೇ ಎಂದು ಮೊದಲು ನೋಡಬೇಕು.

2. ಅಂಕಿಗಳು ಹೊಂದಿದರೆ, ಅದೇ ಬಯಲಿನ ಒಂದೇ ಕಲ್ಲಿನ ಮೇಲೆ ಪ್ರತಿ ಯಂತ್ರವನ್ನು ಅದರದೇ ಆಂಟೆನಾದೊಡನೆ ಒಂದಾದ ಮೇಲೊಂದರಂತೆ ಇಡಬೇಕು. ಈಗ ವ್ಯತ್ಯಾಸ ಹೆಚ್ಚಿದರೆ ದೋಷ ಆಂಟೆನಾದಲ್ಲಿ ಅಥವಾ ಅದರ ಎತ್ತರ ನಮೂದಿಸಿದ್ದರಲ್ಲಿ ಇರಬಹುದು.

3. ಇಲ್ಲಿಯೂ ಹೊಂದಿ, ತೋಟದೊಳಗೆ ಮಾತ್ರ ಬೇರೆಯಾದರೆ ತಪ್ಪು ಯಂತ್ರದ್ದಲ್ಲ, ಮರಗಳ ನೆರಳಿನದು ಮತ್ತು ಗುಡ್ಡದ ಮರೆಯದು.

ಮೂರನೆಯ ಸಂದರ್ಭದಲ್ಲಿ ಎಷ್ಟು ಬೆಲೆಬಾಳುವ ಯಂತ್ರ ತಂದರೂ ಪೂರ್ಣ ಪರಿಹಾರವಾಗದು. ತೋಟದ ಅಂಚಿನ ತೆರವಾದ ಜಾಗದಲ್ಲಿ ಎರಡು ಬಿಂದುಗಳನ್ನು ಜಿ.ಪಿ.ಎಸ್.ನಿಂದ ಗುರುತಿಸಿ, ಅಲ್ಲಿಂದ ಬಾಂದು ಕಲ್ಲಿಗೆ ಟೇಪು ಅಥವಾ ಟೋಟಲ್ ಸ್ಟೇಷನ್‌ನಿಂದ ಅಳೆಯುವುದು ಉತ್ತಮ.

ಎಚ್ಚರಿಕೆಗಳು

ಆಂಟೆನಾವನ್ನು ಕೊನೆ ಕೊಯ್ಯುವ ದೋಟಿಗೆ ಕಟ್ಟಿ ಮರಗಳ ಮೇಲೆ ಎತ್ತುವುದು ಸರಿಯಲ್ಲ. 15 ಮೀಟರ್ ದೋಟಿ ಕೇವಲ 1 ಡಿಗ್ರಿ ವಾಲಿದರೂ ಆಂಟೆನಾ ಸುಮಾರು 26 ಸೆಂಟಿಮೀಟರ್ ಸರಿಯುತ್ತದೆ. ಅಲ್ಯೂಮಿನಿಯಂ ಮತ್ತು ಕಾರ್ಬನ್ ಫೈಬರ್ ದೋಟಿಗಳು ವಿದ್ಯುತ್ ತಂತಿಗೆ ತಗುಲಿದರೆ ಪ್ರಾಣಕ್ಕೇ ಅಪಾಯ.

ಮೊಬೈಲ್ ಫೋನುಗಳಿಗೆ ಮತ್ತು ಆಂಟೆನಾ ಒಳಗೇ ಇರುವ ಯಂತ್ರಗಳಿಗೆ ಹೊರಗಿನ ಆಂಟೆನಾ ಜೋಡಿಸಲು ಬರುವುದಿಲ್ಲ. ಅಂತಹವನ್ನು ಎರಡನೆಯ ಹಂತದಿಂದಲೇ ಪರೀಕ್ಷಿಸಬೇಕು.

ಈ ಪರೀಕ್ಷೆಯಿಂದ ಗಡಿ ತೀರ್ಮಾನವಾಗುವುದಿಲ್ಲ. ಅದು ಹದ್ದುಬಸ್ತು ಅರ್ಜಿಯ ಮೇಲೆ ಸರ್ಕಾರಿ ಭೂಮಾಪಕರು ಮೂಲ ಟಿಪ್ಪಣಿ ನೋಡಿ ಮಾಡುವ ಕೆಲಸ. ಆದರೆ ಅಳತೆಯ ದಿನ ಯಾವ ಆಧಾರ ಪದ್ಧತಿ, ಆಂಟೆನಾದ ಎತ್ತರವೆಷ್ಟು, ತಿದ್ದುಪಡಿ ಸಂಕೇತ ದೊರೆಯಿತೇ ಎಂಬ ಮೂರು ವಿಷಯಗಳನ್ನು ಕೇಳಿ ಬರೆದಿಟ್ಟುಕೊಳ್ಳುವ ರೈತನಿಗೆ ಮುಂದೆ ತಕರಾರು ಬಂದಾಗ ಮಾತನಾಡಲು ಆಧಾರವಿರುತ್ತದೆ. ವಿಸ್ತರಣಾ ಕಾರ್ಯಕರ್ತರು ಈ ವಿಷಯವನ್ನು ಹಳ್ಳಿಗಳಲ್ಲಿ ತಿಳಿಸಿಕೊಡುವುದು ಒಳ್ಳೆಯದು.