ಮೋಟಾರು ಪಂದ್ಯಗಳಲ್ಲಿ ಮೇಲಾದ ತಂಡ ಯಾವುದು?

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯಲ್ಲಿ ಎತ್ತುಗಳ ಪಂದ್ಯವೆಂದರೆ ಒಂದೇ ಬಗೆಯದಲ್ಲ. ಕಾರಹುಣ್ಣಿಮೆಯಂದು ಸಿಂಗರಿಸಿದ ಎತ್ತುಗಳನ್ನು ಓಡಿಸಿ ಕರಿ ಹರಿಯುವುದು ಒಂದು. ಆಗ ಮುಂದೆ ಬಂದ ಎತ್ತಿನ ಬಣ್ಣವನ್ನು ನೋಡಿ ಆ ವರ್ಷ ಮುಂಗಾರಿ ಫಲಿಸುವುದೋ ಹಿಂಗಾರಿ ಫಲಿಸುವುದೋ ಎಂದು ರೈತರು ಎಣಿಕೆ ಹಾಕುವರು. ಜಾತ್ರೆಗಳಲ್ಲಿ ನಡೆಯುವ ಖಾಲಿ ಗಾಡಾ ಓಟ ಇನ್ನೊಂದು. ಅಲ್ಲಿ ಹೊರೆಯಿಲ್ಲದ ಗಾಡಾಕ್ಕೆ ಹೂಡಿದ ಜೋಡಿಯು ಗೊತ್ತುಪಡಿಸಿದ ಅಲ್ಪಕಾಲದಲ್ಲಿ ಎಷ್ಟು ದೂರ ಹೋಯಿತೆಂದು ಅಳೆಯುವರು. ತೆರಬಂಡಿ ಮೂರನೆಯದು, ಗಾಲಿ ತಿರುಗದಂತೆ ಕಟ್ಟಿದ ಬಂಡಿಯನ್ನು ನೆಲಕ್ಕೆ ಕಾಲೂರಿ ಜಗ್ಗಬೇಕು. ಓಟದಲ್ಲಿ ಹೆಸರಾದ ಹಗುರ ಮೈಯ ಜೋಡಿಯನ್ನು ತೆರಬಂಡಿಗೆ ಹೂಡಿದರೆ ನಾಲ್ಕು ಹೆಜ್ಜೆಗೆ ನಿಂತೀತು; ತೆರಬಂಡಿಯನ್ನು ಜಗ್ಗುವ ಜೋಡಿಯನ್ನು ಓಟಕ್ಕೆ ಬಿಟ್ಟರೆ ಹಿಂದೆ ಉಳಿದೀತು. ಎಲ್ಲಕ್ಕಿಂತ ಮೇಲಾದ ಜೋಡಿ ಯಾವುದೆಂದು ಕೇಳಿದವನಿಗೆ ಅಲ್ಲಿಯ ರೈತನು, ಯಾವುದರಲ್ಲಿ, ಎಂದು ಮರುಪ್ರಶ್ನೆ ಹಾಕಿಯಾನು.

ಮೋಟಾರು ಪಂದ್ಯಗಳ ಅಭಿಮಾನಿಗಳು ಈ ಮರುಪ್ರಶ್ನೆಯನ್ನು ಕೇಳುವುದು ಅಪರೂಪ. ಫಾರ್ಮುಲಾ ಒಂದು, ಲ ಮಾನ್, ರ್‍ಯಾಲಿ, ಇಂಡಿಯಾನಾಪೊಲಿಸ್, ಡಕಾರ್ ಇವೆಲ್ಲವನ್ನೂ ಒಂದೇ ರಾಶಿಗೆ ಹಾಕಿ, ಬಹುಮಾನಗಳನ್ನು ಎಣಿಸಿ, ಇಂಥ ತಂಡವೇ ಜಗತ್ತಿಗೆಲ್ಲ ಹಿರಿದು ಎಂದು ಸಾಧಿಸುವ ವಾದ ನಮ್ಮ ಪಟ್ಟಣಗಳ ಕಾಫಿ ಹೋಟೆಲುಗಳಲ್ಲಿ ಕೂಡ ಕೇಳಬರುತ್ತದೆ. ವಾದವು ರುಚಿಕರವಾದುದು, ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ತೂಗುವ ಮುನ್ನ ತಕ್ಕಡಿಯನ್ನು ಪರೀಕ್ಷಿಸುವುದು ಯುಕ್ತ.

ಮೊದಲು ತಂಡವೆಂದರೇನು ಎಂಬುದನ್ನು ತಿಳಿಯಬೇಕು. ಪ್ರೇಕ್ಷಕನ ಕಣ್ಣಿಗೆ ಬೀಳುವವನು ಸಾರಥಿಯೊಬ್ಬನೇ. ಅವನ ಹಿಂದೆ ವಾಹನವನ್ನು ಕಲ್ಪಿಸಿದವರು, ಎಂಜಿನನ್ನು ಬಿಚ್ಚಿ ಜೋಡಿಸುವವರು, ಚಕ್ರಗಳನ್ನು ಬದಲಿಸುವವರು, ಲೆಕ್ಕ ಹಾಕಿ ಸೂಚನೆ ಕೊಡುವವರು, ಹಣ ಒದಗಿಸುವವರು ಇರುತ್ತಾರೆ. ಎತ್ತಿನ ಪಂದ್ಯದಲ್ಲಿಯೂ ಬಾರಕೋಲು ಹಿಡಿದವನನ್ನು ಜನ ನೋಡುತ್ತಾರೆಯೇ ಹೊರತು, ವರ್ಷವಿಡೀ ಹಿಂಡಿ ಹಾಕಿ ಮೈ ತಿಕ್ಕಿ ಸಾಕಿದವನನ್ನಲ್ಲ. ತಂಡವನ್ನು ಅಳೆಯುವುದೆಂದರೆ ಈ ಕಾಣದ ಕೈಗಳನ್ನು ಅಳೆಯುವುದು.

ಫಾರ್ಮುಲಾ ಒಂದನ್ನು ನೋಡೋಣ. ಇಲ್ಲಿ ಪಂದ್ಯದ ದೂರ ಸುಮಾರು 305 ಕಿಲೋಮೀಟರು. ಎರಡು ಗಂಟೆಯೊಳಗೆ ಮುಗಿಯುತ್ತದೆ. ಪ್ರತಿಯೊಂದು ತಂಡವೂ ತನ್ನ ವಾಹನವನ್ನು ತಾನೇ ರಚಿಸಬೇಕೆಂಬುದು ಇದರ ಕಟ್ಟಳೆ. ಆದುದರಿಂದ ಇಲ್ಲಿ ಮುಖ್ಯವಾಗಿ ಅಳೆಯಲ್ಪಡುವುದು ರಚನಾಕೌಶಲ, ಮತ್ತು ಅದರ ಬೆನ್ನಿಗಿರುವ ಹಣ. ಕೈಚಳಕವೂ ಇಲ್ಲದಿಲ್ಲ: 2023ರಲ್ಲಿ ಕತಾರಿನಲ್ಲಿ ಮೆಕ್ಲಾರೆನ್ ತಂಡದವರು ನಾಲ್ಕು ಚಕ್ರಗಳನ್ನೂ 1.80 ಸೆಕೆಂಡಿನಲ್ಲಿ ಬದಲಿಸಿದರು. ಇದೇ ಮೆಕ್ಲಾರೆನ್ 1988ರಲ್ಲಿ 16 ಪಂದ್ಯಗಳಲ್ಲಿ 15ನ್ನು ಗೆದ್ದಿತು. 2023ರಲ್ಲಿ ರೆಡ್ ಬುಲ್ ತಂಡ 22ರಲ್ಲಿ 21ನ್ನು ಗೆದ್ದಿತು. ಸ್ವಾರಸ್ಯವೆಂದರೆ, ಎರಡು ಸಲವೂ ತಪ್ಪಿಹೋದ ಆ ಒಂದು ಪಂದ್ಯವನ್ನು ಕಸಿದುಕೊಂಡದ್ದು ಫೆರಾರಿ, 1988ರಲ್ಲಿ ಮೊನ್ಝಾದಲ್ಲಿ, ಸಂಸ್ಥಾಪಕ ಎಂಜೊ ಫೆರಾರಿ ತೀರಿಕೊಂಡು ಒಂದು ತಿಂಗಳೂ ತುಂಬುವ ಮೊದಲು, 2023ರಲ್ಲಿ ಸಿಂಗಪುರದಲ್ಲಿ. ಫೆರಾರಿಯು 1950ರಿಂದಲೂ ಈ ಕಣವನ್ನು ಬಿಡದೆ ನಿಂತಿದ್ದು, 16 ಬಾರಿ ತಯಾರಕರ ಪ್ರಶಸ್ತಿಯನ್ನು ಪಡೆದಿದೆ. ಸತತವಾಗಿ ಗೆದ್ದ ಲೆಕ್ಕದಲ್ಲಿ 2014ರಿಂದ 2021ರವರೆಗೆ ಎಂಟು ವರ್ಷ ಗೆದ್ದ ಮರ್ಸಿಡಿಸ್ ಅದಕ್ಕಿಂತ ಮುಂದು. ಒಂದು ವರ್ಷದ ಉಚ್ಛ್ರಾಯವೋ, ಎಂಟು ವರ್ಷದ ಆಳ್ವಿಕೆಯೋ, ಎಪ್ಪತ್ತು ವರ್ಷದ ಬಾಳಿಕೆಯೋ? ಒಂದೇ ಬಗೆಯ ಪಂದ್ಯದೊಳಗೆ ಕೂಡ ತಕ್ಕಡಿ ಮೂರಾಯಿತು.

ಫ್ರಾನ್ಸಿನ ಲ ಮಾನ್ ಪಟ್ಟಣದಲ್ಲಿ 1923ರಲ್ಲಿ ಮೊದಲಾದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದ ಧರ್ಮವೇ ಬೇರೆ. ಅಲ್ಲಿ ವೇಗಕ್ಕಿಂತ ಬಾಳಿಕೆ ದೊಡ್ಡದು. ರಾತ್ರಿಯ ಮೂರು ಗಂಟೆಗೆ ಕೆಟ್ಟುದನ್ನು ಸರಿಪಡಿಸುವ ತಾಳ್ಮೆ ದೊಡ್ಡದು. ಜರ್ಮನಿಯ ಯೋಸ್ಟ್ ಎಂಬ ಖಾಸಗಿ ತಂಡದ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದು. ಈ ತಂಡವು ಪೋರ್ಷೆ ಕಂಪೆನಿಯಿಂದ ಕೊಂಡ ಒಂದೇ ವಾಹನದಿಂದ 1984ರಲ್ಲಿಯೂ 1985ರಲ್ಲಿಯೂ ಲ ಮಾನನ್ನು ಗೆದ್ದಿತು. ಎರಡನೆಯ ಸಲ ಸೋತವರಲ್ಲಿ ಪೋರ್ಷೆಯ ಸ್ವಂತ ತಂಡವೂ ಇದ್ದಿತು. ಮಾಡಿಕೊಟ್ಟವನನ್ನೇ ಕೊಂಡುಕೊಂಡವನು ಸೋಲಿಸಿದನೆಂದರೆ, ಗೆದ್ದದ್ದು ಯಂತ್ರವಲ್ಲ, ಅದನ್ನು ನೋಡಿಕೊಂಡ ರೀತಿ. ಇದು ಆಕಸ್ಮಿಕವೆನ್ನುವಂತಿಲ್ಲ, 1996 ಮತ್ತು 1997ರಲ್ಲಿ, ಬೇರೆಯವರ ಹಳೆಯ ಚೌಕಟ್ಟಿಗೆ ಪೋರ್ಷೆ ಎಂಜಿನನ್ನು ಕೂಡಿಸಿದ ಇನ್ನೊಂದು ವಾಹನದಿಂದ ಅದೇ ತಂಡ ಮತ್ತೆ ಎರಡು ವರ್ಷ ಗೆದ್ದಿತು. ಮುಂದೆ ಔಡಿ ಕಂಪೆನಿ 2000ರಿಂದ 2014ರವರೆಗೆ 13 ಸಲ ಲ ಮಾನನ್ನು ಗೆದ್ದಾಗ, ಆ ಗೆಲುವುಗಳಲ್ಲಿ ಬಹುಪಾಲು ಯೋಸ್ಟ್ ತಂಡದ ಕೈಯಿಂದಲೇ ಬಂದುವು. ಆ ಔಡಿಯ ಹಿಂಭಾಗವನ್ನು ಗೇರುಪೆಟ್ಟಿಗೆಯ ಸಹಿತ ಕಳಚಿ, ಹೊಸತನ್ನು ಕೆಲವೇ ನಿಮಿಷಗಳಲ್ಲಿ ಕೂಡಿಸುವಂತೆ ರಚಿಸಿದ್ದರು. ಕೆಡದ ಯಂತ್ರವಿಲ್ಲ, ಕೆಟ್ಟಾಗ ಬೇಗ ಎದ್ದು ನಿಲ್ಲುವ ಯಂತ್ರ ಬೇಕೆಂಬುದು ಅವರ ಎಣಿಕೆ.

ರ್‍ಯಾಲಿಯ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಅಲ್ಲಿ ವಾಹನಗಳು ಒಂದಕ್ಕೊಂದು ತಾಗಿ ಓಡುವುದಿಲ್ಲ. ಒಂದೊಂದಾಗಿ ಹೊರಟು ಗಡಿಯಾರದೊಡನೆ ಸೆಣಸುತ್ತವೆ, ಪಕ್ಕದಲ್ಲಿ ಕುಳಿತವನು ಮುಂದಿನ ತಿರುವನ್ನು ಓದಿ ಹೇಳುತ್ತಿರುತ್ತಾನೆ. ಇಟಲಿಯ ಲಾನ್ಸಿಯಾ ತಂಡಕ್ಕೆ ಹತ್ತು ತಯಾರಕ ಪ್ರಶಸ್ತಿಗಳಿವೆ. ಅವುಗಳಲ್ಲಿ ನಾವು ಮೆಚ್ಚುವುದು 1983ರದನ್ನು: ನಾಲ್ಕು ಚಕ್ರಕ್ಕೂ ಬಲ ಹರಿಯುವ ಔಡಿಯ ಎದುರಿಗೆ ಎರಡೇ ಚಕ್ರದ ಬಲದ ವಾಹನವನ್ನು ನಿಲ್ಲಿಸಿ ಅವರು ಗೆದ್ದರು.

ಹೀಗೆ ಪ್ರತಿಯೊಂದು ಪಂದ್ಯಕ್ಕೂ ತನ್ನದೇ ಅಳತೆ ಇರುವಾಗ, ಬೇರೆ ಬೇರೆ ಕಣಗಳ ತಂಡಗಳನ್ನು ಹೋಲಿಸುವ ದಾರಿಯೇ ಇಲ್ಲವೆ? ಒಂದು ದಾರಿಯುಂಟು. ತನ್ನ ಕಣವನ್ನು ಬಿಟ್ಟು ಪರರ ಕಣಕ್ಕೆ ಹೋದಾಗ ತಂಡದ ವಿದ್ಯೆ ಉಳಿಯಿತೋ ಇಲ್ಲವೋ ಎಂದು ನೋಡುವುದು. ಅಮೆರಿಕಾದ ವರ್ಜೀನಿಯಾ ಸೀಮೆಯ ವುಡ್ ಸಹೋದರರು ಸಾಧಾರಣ ಕಾರುಗಳ ಪಂದ್ಯವಾದ ನಾಸ್ಕಾರ್‌ನಲ್ಲಿ ಚಕ್ರ ಬದಲಿಸಿ ಪೆಟ್ರೋಲು ತುಂಬುವ ಕೆಲಸವನ್ನು ಒಂದು ಶಾಸ್ತ್ರವಾಗಿ ಬೆಳೆಸಿದ್ದರು. 1965ರ ಇಂಡಿಯಾನಾಪೊಲಿಸ್ ಪಂದ್ಯಕ್ಕೆ ಇಂಗ್ಲೆಂಡಿನ ಲೋಟಸ್ ತಂಡದ ನೆರವಿಗೆ ಅವರನ್ನು ಕರೆಸಲಾಯಿತು. ವಾಹನ ಪರಕೀಯವಾದುದು, ಇಂಧನ ಬೇರೆ, ಸಾರಥಿ ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್. ಆದರೂ ಅವರ ಕೆಲಸ ನೋಡಿದವರು ಬೆರಗಾಗುವಷ್ಟು ಬೇಗ ಮುಗಿಯಿತು. ಕ್ಲಾರ್ಕ್ 200 ಸುತ್ತುಗಳಲ್ಲಿ 190ರಲ್ಲಿ ಮುಂದಿದ್ದು ಗೆದ್ದನು. ಅದೇ ವರ್ಷ ಫಾರ್ಮುಲಾ ಒಂದರ ಪ್ರಶಸ್ತಿಯನ್ನೂ ಪಡೆದನು. ವುಡ್ ಸಹೋದರರ ಹೆಸರು ಬಹುಮಾನದ ಪಟ್ಟಿಯಲ್ಲಿ ದೊಡ್ಡದಾಗಿ ಕಾಣದಿರಬಹುದು. ಈ ಅಳತೆಯಲ್ಲಿ ಅವರು ಬಹಳ ಮೇಲಿನವರು.

ಹಲವು ಕಣಗಳಲ್ಲಿ ನಿಂತ ತಂಡವೆಂದು ಅಮೆರಿಕಾದ ಪೆನ್ಸ್‌ಕಿಯನ್ನು ಹೇಳಬೇಕು. ಇಂಡಿಯಾನಾಪೊಲಿಸ್ ಪಂದ್ಯವನ್ನು 2024ರವರೆಗೆ 20 ಸಲ ಗೆದ್ದ ತಂಡವದು. ನಾಸ್ಕಾರ್ ಪ್ರಶಸ್ತಿಯನ್ನೂ ಪಡೆದುದು. ಅದೇ ತಂಡ 1970ರ ದಶಕದಲ್ಲಿ ಫಾರ್ಮುಲಾ ಒಂದಕ್ಕೆ ಬಂದು ಗೆದ್ದದ್ದು ಒಂದೇ ಪಂದ್ಯ, 1976ರಲ್ಲಿ ಆಸ್ಟ್ರಿಯಾದಲ್ಲಿ. ಎತ್ತು ಬಲಿಷ್ಠವಾಗಿದ್ದರೂ ಹೊಲ ಹೊಸತಾದರೆ ಗಳೆ ಸಾಗುವುದು ಕಷ್ಟ.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಕನ್ನಡಿಗರು ಈ ವಾದದಲ್ಲಿ ತಮ್ಮದೆಂದು ಮುಂದಿಡುವ ಮೊದಲ ಹೆಸರು ಫೋರ್ಸ್ ಇಂಡಿಯಾ. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಮೂಹದ ಒಡೆಯರಾಗಿದ್ದ ವಿಜಯ್ ಮಲ್ಯರು ಪಾಲುದಾರರೊಡನೆ 2007ರಲ್ಲಿ ಒಂದು ತಂಡವನ್ನು ಕೊಂಡು ಈ ಹೆಸರನ್ನಿಟ್ಟರು. 2008ರಲ್ಲಿ ಅದಕ್ಕೆ ಒಂದು ಅಂಕವೂ ಬರಲಿಲ್ಲ. ಮರುವರ್ಷ ಬೆಲ್ಜಿಯಮ್ಮಿನಲ್ಲಿ ಫಿಸಿಕೆಲ್ಲಾ ಎಂಬ ಸಾರಥಿ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟು, ಒಂದು ಸೆಕೆಂಡಿಗಿಂತ ಕಡಮೆ ಅಂತರದಲ್ಲಿ ಎರಡನೆಯವನಾದನು. 2016 ಮತ್ತು 2017ರಲ್ಲಿ ತಂಡ ನಾಲ್ಕನೆಯ ಸ್ಥಾನಕ್ಕೇರಿತು. ದೊಡ್ಡ ತಂಡಗಳು ಚೆಲ್ಲುತ್ತಿದ್ದ ಹಣದ ಒಂದು ಪಾಲಿನಲ್ಲಿ ಇದನ್ನು ಸಾಧಿಸಿದರೆಂಬುದನ್ನು ಮರೆಯಬಾರದು. ಆದರೆ ಪಂದ್ಯವನ್ನು ಗೆದ್ದದ್ದು ಒಂದೂ ಇಲ್ಲ. ಭಾರತೀಯ ಸಾರಥಿಯೊಬ್ಬನು ಅದರ ಪರವಾಗಿ ಪಂದ್ಯದಲ್ಲಿ ಓಡಿಸಿದುದೂ ಇಲ್ಲ.

2018ರ ಜುಲೈನಲ್ಲಿ ಸಾಲದ ಹೊರೆಯಿಂದ ತಂಡವು ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು. ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ 400ಕ್ಕೂ ಹೆಚ್ಚು ಜನರ ಅನ್ನದ ಪ್ರಶ್ನೆ ಅದು. ಆ ಕ್ರಮಕ್ಕೆ ಮೊದಲ ಹೆಜ್ಜೆಯಿಟ್ಟವನು ತಂಡದ ಸಾರಥಿಯೇ ಆದ ಮೆಕ್ಸಿಕೋದ ಪೆರೆಝ್. ತನಗೆ ಬರಬೇಕಾಗಿದ್ದ ಬಾಕಿಗಿಂತ ಜನರ ಕೆಲಸ ಉಳಿಯಲೆಂಬುದೇ ತನ್ನ ಉದ್ದೇಶವೆಂದು ಅವನು ಹೇಳಿದನು. ಹೊಸ ಒಡೆಯರು ಬಂದರು. ಹಳೆಯ 59 ಅಂಕಗಳು ಅಳಿಸಿಹೋದುವು. ಸೊನ್ನೆಯಿಂದ ಮೊದಲುಮಾಡಿದ ಬೆಲ್ಜಿಯಮ್ಮಿನ ಪಂದ್ಯದಲ್ಲಿ ಅದೇ ಜನ, ಅದೇ ವಾಹನಗಳಿಂದ, ಐದನೆಯ ಮತ್ತು ಆರನೆಯ ಸ್ಥಾನಗಳನ್ನು ಪಡೆದರು. 2020ರಲ್ಲಿ ಸಾಖಿರ್ ಪಂದ್ಯದ ಮೊದಲ ಸುತ್ತಿನಲ್ಲಿಯೇ ಕೊನೆಗೆ ಬಿದ್ದ ಪೆರೆಝ್ ಮೇಲೆದ್ದು ಗೆದ್ದಾಗ, ಆ ಕಾರ್ಖಾನೆಗೆ 2003ರ ಬಳಿಕ ಗೆಲುವಿನ ಮುಖ ಕಂಡಿತು. 2003ರಲ್ಲಿ ಅದರ ಹೆಸರು ಜೋರ್ಡನ್. 2020ರಲ್ಲಿ ರೇಸಿಂಗ್ ಪಾಯಿಂಟ್. 2021ರಿಂದ ಆಸ್ಟನ್ ಮಾರ್ಟಿನ್. ಫೋರ್ಸ್ ಇಂಡಿಯಾ ಎಂಬುದು ಈ ಸರಣಿಯಲ್ಲಿ ಹತ್ತು ವರ್ಷದ ಒಂದು ಹೆಸರು. ಹೆಸರೂ ಹಣವೂ ಬೆಂಗಳೂರಿನಿಂದ ಹೋದುವು, ಕೈಗಳು ಸಿಲ್ವರ್‌ಸ್ಟೋನಿನವು. ತಂಡವೆಂದರೆ ಕೈಗಳೆಂದು ಒಪ್ಪಿದವರು ಇದನ್ನು ಕನ್ನಡನಾಡಿನ ತಂಡವೆಂದು ಬಹಳ ಒತ್ತಿ ಹೇಳಲಾರರು.

ಆ ಹಕ್ಕು ಡಕಾರ್ ಮರಳುಗಾಡಿನಲ್ಲಿ ಬೈಸಿಕಲ್ಲಿನಂತೆ ಎರಡೇ ಗಾಲಿಯ ಮೇಲೆ ಹೋದವರಿಗೆ ಹೆಚ್ಚು ಸಲ್ಲುತ್ತದೆ ಎಂದು ನಮ್ಮ ಅಭಿಪ್ರಾಯ. ಡಕಾರ್ ಪಂದ್ಯ ಸುಮಾರು ಎರಡು ವಾರದ್ದು. ಮೋಟಾರುಸೈಕಲ್ ಸವಾರನು ಒಬ್ಬನೇ ದಾರಿಯ ಸೂಚನೆಯನ್ನು ಓದುತ್ತ, ಒಬ್ಬನೇ ದಿಕ್ಕನ್ನು ಹುಡುಕುತ್ತ, ದಿನಕ್ಕೆ ನೂರಾರು ಕಿಲೋಮೀಟರು ಸಾಗಬೇಕು. ಆಸ್ಟ್ರಿಯಾದ ಕೆಟಿಎಂ ಕಂಪೆನಿಯ ವಾಹನಗಳು 2001ರಿಂದ 2019ರವರೆಗೆ, ಪಂದ್ಯವೇ ನಡೆಯದ 2008ನ್ನು ಬಿಟ್ಟು, ಸತತ 18 ಸಲ ಗೆದ್ದುವು. ಅಂಥ ಕಣಕ್ಕೆ 2015ರಲ್ಲಿ ಹೋಗಿ ಕೊನೆಮುಟ್ಟಿದ ಮೊದಲ ಭಾರತೀಯನು ಬೆಂಗಳೂರಿನ ಸಿ. ಎಸ್. ಸಂತೋಷ್, ಸ್ಥಾನ 36ನೆಯದು. ಅದೇ ವರ್ಷ ಕರ್ನಾಟಕದ ಗಡಿಗೆ ತಾಗಿದ ಹೊಸೂರಿನ ಟಿವಿಎಸ್ ಕಂಪೆನಿ, ಫ್ರಾನ್ಸಿನ ಶೆರ್ಕೊ ಜೊತೆಗೂಡಿ ಡಕಾರಿಗೆ ಇಳಿಯಿತು. 1982ರಿಂದ ಪಂದ್ಯಗಳಲ್ಲಿರುವ ಆ ತಂಡದ ಸವಾರ, ಉಡುಪಿಯ ಕೆ. ಪಿ. ಅರವಿಂದ್, 2017 ಮತ್ತು 2018ರಲ್ಲಿ ಅರ್ಧದಲ್ಲಿಯೇ ನಿಂತು, 2019ರಲ್ಲಿ 37ನೆಯವರಾಗಿ ಮುಗಿಸಿದರು. ಅದೇ ತಂಡದಲ್ಲಿ ಬೆಳೆದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಪಂದ್ಯಗಳ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದರು.

ಸಂತೋಷ್ ಮುಂದೆ ಹೀರೋ ಕಂಪೆನಿಯ ತಂಡ ಸೇರಿದರು. 2020ರಲ್ಲಿ ಆ ತಂಡದ ಪೌಲೊ ಗೊನ್ಸಾಲ್ವೆಸ್ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದು ತೀರಿಕೊಂಡರು. ತಂಡ ಪಂದ್ಯವನ್ನು ಬಿಟ್ಟು ಹಿಂದಿರುಗಿತು. ಮರುವರ್ಷ ಸಂತೋಷ್ ಅದೇ ನಾಡಿನಲ್ಲಿ ಬಿದ್ದು ಬಹುದಿನ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ಇಷ್ಟಾದ ಮೇಲೂ ತಂಡ ಮುಚ್ಚಲಿಲ್ಲ. 2022ರ ಜನವರಿಯಲ್ಲಿ ಗೊನ್ಸಾಲ್ವೆಸರ ಭಾವಮೈದುನ ಜೋಕಿಮ್ ರೊಡ್ರಿಗೆಸ್ ಒಂದು ದಿನದ ಓಟವನ್ನು ಗೆದ್ದರು; ಭಾರತೀಯ ಕಂಪೆನಿಯೊಂದಕ್ಕೆ ಡಕಾರಿನಲ್ಲಿ ದೊರೆತ ಅಂಥ ಮೊದಲ ಗೆಲುವು ಅದು. 2024ರಲ್ಲಿ ಬೋಟ್ಸ್ವಾನಾದ ರಾಸ್ ಬ್ರಾಂಚ್ ಅದೇ ತಂಡದ ಪರವಾಗಿ ಇಡೀ ಪಂದ್ಯದಲ್ಲಿ ಎರಡನೆಯ ಸ್ಥಾನ ಪಡೆದರು. ಬಹುಮಾನಗಳನ್ನು ಎಣಿಸುವವರ ಪಟ್ಟಿಯಲ್ಲಿ ಈ ತಂಡ ಕೆಟಿಎಂನ ಕಾಲಬುಡದಲ್ಲಿಯೂ ನಿಲ್ಲದು. ಯೋಸ್ಟ್, ವುಡ್ ಸಹೋದರರು ಇವರಿಬ್ಬರ ಪಕ್ಕದಲ್ಲಿ ಅದಕ್ಕೊಂದು ಜಾಗ ಕೊಡಲು ನಾವು ಹಿಂಜರಿಯುವುದಿಲ್ಲ.